0.30 ಕ್ಯಾರೆಟ್‌ನ ಹಳದಿ ವಜ್ರ ಬೇಕು. ದುಂಡು ಕಟ್, ವಿವಿಎಸ್, ಬಣ್ಣ ಗಾಢವಾಗಿರಬೇಕು. ಹೇಗೆ ಹುಡುಕಲಿ?

ಮೊದಲು ವಿವಿಎಸ್, ಅಂದರೆ ಒಳಗಿನ ಕಲೆ ಕಾಣುವುದೇ ಕಷ್ಟವಾದಷ್ಟು ಮೇಲಿನ ಶುದ್ಧತೆಯ ದರ್ಜೆ, ಬಿಡಿ, ಆಮೇಲೆ ದುಂಡು ಕಟ್ಟನ್ನೂ ಬಿಡಿ. ನಾನು ಹುಡುಕಲು ಹೊರಟಾಗಲೂ ಕೈಯಲ್ಲಿದ್ದದ್ದು ಇದೇ ಪಟ್ಟಿ. ಅದು ಬಿಳಿ ವಜ್ರದ ಪಟ್ಟಿ. ಹಳದಿಗೂ ಅದನ್ನೇ ಹಿಡಿದು ಹೋದರೆ ದುಡ್ಡೆಲ್ಲ ಕಣ್ಣಿಗೆ ಕಾಣದ ಗುಣಕ್ಕೆ ಹೋಗುತ್ತದೆ, ಬಣ್ಣ ಪೇಲವವಾಗಿಯೇ ಉಳಿಯುತ್ತದೆ.

ಕಾರಣ ಇಷ್ಟೇ. ವಜ್ರದೊಳಗಿನ ಸಾರಜನಕ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಹಳದಿ ಕಾಣುತ್ತದೆ. ಬೆಳಕು ಹರಳಿನೊಳಗೆ ಎಷ್ಟು ಹೆಚ್ಚು ಓಡಾಡಿ ಹೊರಬರುತ್ತದೋ ಬಣ್ಣ ಅಷ್ಟು ಗಟ್ಟಿ. 0.30 ಕ್ಯಾರೆಟ್‌ನ ದುಂಡು ಹರಳಿನ ಅಗಲ ಸುಮಾರು 4.3 ಮಿ.ಮೀ., ಆಳ 2.6 ಮಿ.ಮೀ. ಆಸುಪಾಸು. ದುಂಡು ಕಟ್ ಬೆಳಕನ್ನು ಬೇಗ ವಾಪಸ್ ಕಳಿಸುವುದಕ್ಕೆಂದೇ ಇರುವುದು, ಅಷ್ಟು ಚಿಕ್ಕ ದಾರಿಯಲ್ಲಿ ಬಣ್ಣ ಕಟ್ಟುವುದಿಲ್ಲ. ಅದೇ ಕಚ್ಚಾ ಹರಳನ್ನು ಕುಶನ್ ಅಥವಾ ರೇಡಿಯಂಟ್ ಎಂಬ ಚೌಕದಂಥ ಕಟ್ ಆಗಿ ಕತ್ತರಿಸಿದರೆ ಮೇಲಿನಿಂದ ಗಾಢವಾಗಿ ಕಾಣುತ್ತದೆ. ಫ್ಯಾನ್ಸಿ, ಅಂದರೆ ಎದ್ದು ಕಾಣುವ ಬಣ್ಣಕ್ಕೆ ವಜ್ರ ಪರೀಕ್ಷಿಸುವ ಸಂಸ್ಥೆ ಜಿಐಎ ದರ್ಜೆ ಕೊಡುವುದೂ ಮೇಲ್ಮುಖವಾಗಿ ನೋಡಿಯೇ. ಶುದ್ಧತೆ ವಿವಿಎಸ್‌ಗಿಂತ ಕೆಳಗಿನ ವಿಎಸ್2 ಅಥವಾ ಎಸ್ಐ1 ದರ್ಜೆ ಸಾಕು. ನಡುವೆ ಕಪ್ಪು ಚುಕ್ಕೆ, ಮೂಲೆಗೆ ತಾಕಿದ ಬಿರುಕು ಎರಡೂ ಇರಬಾರದು, ಅಷ್ಟೇ.

ದರ್ಜೆ ಫ್ಯಾನ್ಸಿ ಲೈಟ್, ಫ್ಯಾನ್ಸಿ, ಇಂಟೆನ್ಸ್, ವಿವಿಡ್ ಎಂದು ಏರುತ್ತದೆ. ನಿಮಗೆ ಇಂಟೆನ್ಸ್ ಸಾಕು. ಆದರೆ ಒಂದೊಂದು ದರ್ಜೆಯೂ ಅಗಲವಾದದ್ದು, ಎರಡು ಇಂಟೆನ್ಸ್ ಹರಳು ಪಕ್ಕಪಕ್ಕ ಇಟ್ಟರೆ ಬೇರೆ ಬೇರೆಯಾಗಿಯೇ ಕಾಣಬಹುದು. ಆಭರಣಕ್ಕೆ ಕೂರಿಸಿದ ಹರಳನ್ನು ನಂಬಬೇಡಿ, ಕೆಳಗಿನ ಹಳದಿ ಚಿನ್ನ ತನ್ನ ಬಣ್ಣವನ್ನು ಅದಕ್ಕೆ ಕೊಡುತ್ತದೆ. ಬಿಡಿ ಹರಳನ್ನೇ ಕೇಳಿ, ಬಿಳಿ ಕಾಗದವನ್ನು ಮಡಚಿ ಅದರ ಮೇಲಿಟ್ಟು, ಅಂಗಡಿಯ ದೀಪದಿಂದ ದೂರ, ನೆರಳಿರುವ ಕಿಟಕಿಯ ಹತ್ತಿರ ಒಯ್ಯಿರಿ. ನಿಧಾನವಾಗಿ ವಾಲಿಸಿ ನೋಡಿ: ಹಳದಿ ಮೂಲೆಗಳಲ್ಲಿ ಮಾತ್ರ ನಿಂತು ನಡುವೆ ನೀರಿನಂತೆ ಖಾಲಿಯಾಗಿದ್ದರೆ ಬೇಡ. ಕಂದು ಛಾಯೆ ಇದ್ದರೂ ಬೇಡ. ನೀಲಿ ಪ್ರತಿದೀಪ್ತಿ, ಅಂದರೆ ನೇರಳಾತೀತ ಬೆಳಕಿಗೆ ಹರಳೇ ನೀಲಿಯಾಗಿ ಹೊಳೆಯುವುದು, ಜೋರಾಗಿದ್ದರೆ ಬಿಸಿಲಲ್ಲಿ ಹಳದಿ ತೆಳುವಾಗುತ್ತದೆ, ಅದನ್ನೂ ವಾಪಸ್ ಕೊಡಿ.

ದುಂಡೇ ಬೇಕೆಂದು ಹಟವಿದ್ದರೆ ಒಂದು ದಾರಿಯಿದೆ. ಟೈಪ್ ಐಬಿ ಎಂಬ ಬಗೆಯ ಹರಳುಗಳಲ್ಲಿ ಸಾರಜನಕದ ಪರಮಾಣುಗಳು ಒಂಟಿಯಾಗಿರುತ್ತವೆ, ಚಿಕ್ಕ ಗಾತ್ರದಲ್ಲೂ ಬಣ್ಣ ಕಡು. ಸಿಯೆರಾ ಲಿಯೋನ್‌ನ ಜಿಮ್ಮಿ ಪ್ರದೇಶದ ವಜ್ರಗಳು ಇದಕ್ಕೆ ಹೆಸರುವಾಸಿ. ನೈಸರ್ಗಿಕವಾಗಿ ಇವು ತೀರ ಅಪರೂಪ. ಪ್ರಯೋಗಾಲಯದಲ್ಲಿ ಎಚ್‌ಪಿಎಚ್‌ಟಿ (ಅತಿ ಒತ್ತಡ, ಅತಿ ಶಾಖದ) ವಿಧಾನದಿಂದ ಬೆಳೆಸಿದ ಹಳದಿ ವಜ್ರಗಳೂ ಸಾಮಾನ್ಯವಾಗಿ ಇದೇ ಟೈಪ್, ಏಕೆಂದರೆ ಬೆಳೆಯುವಾಗ ಸಾರಜನಕ ತಾನಾಗಿ ಒಳಸೇರುತ್ತದೆ. ಅಂಗಡಿಯವರು ಮುಟ್ಟಿಸುವ ಶಾಖದ ಟೆಸ್ಟರ್ ಎರಡಕ್ಕೂ ವಜ್ರ ಎಂದೇ ಹೇಳುತ್ತದೆ. ವಿಕಿರಣ ಕೊಟ್ಟು ಬಣ್ಣ ಬರಿಸಿದ್ದೂ ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಹಾಗಾಗಿ ಎಷ್ಟೇ ಚಿಕ್ಕದಾಗಲಿ, ಹರಳೂ ನೈಸರ್ಗಿಕ, ಬಣ್ಣವೂ ನೈಸರ್ಗಿಕ ಎಂದು ಬರೆದ ಪ್ರಯೋಗಾಲಯದ ವರದಿಯಿಲ್ಲದೆ ಕೊಳ್ಳಬೇಡಿ. ಶುದ್ಧತೆಯ ದರ್ಜೆ ಬಿಟ್ಟು ಬಣ್ಣ ಮತ್ತು ಅದು ನೈಸರ್ಗಿಕವೋ ಅಲ್ಲವೋ ಎಂಬುದನ್ನಷ್ಟೇ ಹೇಳುವ ವರದಿಯನ್ನು ಜಿಐಎ ಕೊಡುತ್ತದೆ, ಈ ಗಾತ್ರಕ್ಕೆ ಅದು ಧಾರಾಳ. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆ ಇದ್ದರೆ 10 ಪಟ್ಟು ಮಸೂರದಲ್ಲಿ ಓದಿ, ವರದಿಗೆ ತಾಳೆ ನೋಡಿ. ಕೂರಿಸುವಾಗ ತಳದ ಬಟ್ಟಲೂ ಮೊಳೆಗಳೂ ಹಳದಿ ಚಿನ್ನದ್ದೇ ಇರಲಿ, ಉಂಗುರದ ಉಳಿದ ಭಾಗ ಪ್ಲಾಟಿನಂ ಆದರೂ ಪರವಾಗಿಲ್ಲ.