ಒಂದು ಗಂಟೆಯ ಪಾಠವನ್ನು ಹಾಗೇ ಹಾಕಬಹುದಾ?
ಕ್ಲಾಸಿನ ಒಂದು ಗಂಟೆಯ ರೆಕಾರ್ಡಿಂಗನ್ನು ಹಾಗೇ ಮೂಡಲ್‌ಗೆ (ಆನ್‌ಲೈನ್ ಕೋರ್ಸ್ ನಡೆಸುವ ವೇದಿಕೆ) ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ, ಕೊನೆವರೆಗೆ ನೋಡಿದವರು ಬೆರಳೆಣಿಕೆಯಷ್ಟು ಜನ. ವಿಡಿಯೊ ಆಮೇಲೆ ಇರಲಿ. ವಾರದ ಕೊನೆಗೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಅಂತ ಮೊದಲು ಒಂದು ಸಾಲು ಬರೆಯಿರಿ. "ಸರಾಸರಿ, ಮಧ್ಯಾಂಕ ಅರ್ಥ ಮಾಡಿಕೊಳ್ಳುವುದು" ಅಂತ ಬರೆದರೆ ಅದನ್ನು ಅಳೆಯುವುದು ಹೇಗೆ, ಅಲ್ವಾ? ಅದರ ಬದಲು "ಸಂಬಳದ ಪಟ್ಟಿ ಕೊಟ್ಟರೆ ಇವೆರಡರಲ್ಲಿ ಯಾವುದು ಸೂಕ್ತ ಅಂತ ಕಾರಣ ಸಹಿತ ಹೇಳುವುದು" ಅಂತ ಬರೆದುಕೊಂಡರೆ ಅಸೈನ್‌ಮೆಂಟ್ ತಾನಾಗಿಯೇ ಸಿಗುತ್ತದೆ, ಪಾಠದಲ್ಲಿ ಏನು ಬೇಡ ಅನ್ನುವುದೂ ಗೊತ್ತಾಗುತ್ತದೆ. ಆಮೇಲೆ ವಿಡಿಯೊವನ್ನು ಏಳೆಂಟು ನಿಮಿಷದ ತುಂಡು ಮಾಡಿ, ನಡುವೆ ಎಚ್‌5ಪಿಯಲ್ಲಿ (ವಿಡಿಯೊದೊಳಗೆ ಪ್ರಶ್ನೆ ಹಾಕುವ ಟೂಲ್) ಒಂದೊಂದು ಪ್ರಶ್ನೆ ಸೇರಿಸಿ. ಕ್ಯಾಪ್ಷನ್ ಮರೆಯಬೇಡಿ. ಹೊಸ ಹೊಸ ಟೂಲ್ ಸುಮ್ನೆ ತುಂಬಬೇಡಿ, ಪಾಸ್‌ವರ್ಡ್ ಜಾಸ್ತಿಯಾದಷ್ಟೂ ಹುಡುಗರು ಕಮ್ಮಿಯಾಗುತ್ತಾರೆ.