ಹಳೆಯ ಅಂಬಾಸಿಡರ್‌ನ ಎಂಜಿನ್ ಬಿಚ್ಚಿ ಕಟ್ಟಿಸುವುದೋ, ಬದಲಿಸುವುದೋ?

ಹೊಗೆ ಕಾರುತ್ತ ಆಯಿಲ್ ಕುಡಿಯುತ್ತಿರುವ ಮಾರ್ಕ್ 2 ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್‌ನ ಮುಖ್ಯ ಲೋಹದ ಭಾಗ) ಬಿರುಕು ಬಿಟ್ಟಿಲ್ಲವಾದರೆ ಬೇಡವೆಂಬುದು ನನ್ನ ಅಭಿಪ್ರಾಯ. ಮೊದಲು ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಅದು ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ), ಏರದಿದ್ದರೆ ದೋಷ ಬಹುತೇಕ ವಾಲ್ವ್‌ನಲ್ಲೋ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರವಾದ ಹೆಡ್ ಗ್ಯಾಸ್ಕೆಟ್‌ನಲ್ಲೋ ಇರುತ್ತದೆ, ಅದಕ್ಕೆ ಎಂಜಿನ್ ಇಳಿಸಬೇಕಾಗಿಯೇ ಇಲ್ಲ. ಸವೆದ ಬೋರನ್ನು ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು, ತೀರ ಹಾಳಾಗಿದ್ದರೆ ಒಳಗೆ ಸ್ಲೀವ್ (ಹೊಸ ಲೋಹದ ಕೊಳವೆ) ಕೂರಿಸಬಹುದು. ಬದಲಿಗೆ ಹಾಕಿಸಬಹುದಾದ 1.8 ಲೀಟರಿನ ಇಸುಜು ಎಂಜಿನ್ ಹೆಚ್ಚು ಚುರುಕು, ನಿಜ. ಆದರೆ ಅದಕ್ಕೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿ ತಿದ್ದಿಸಬೇಕು, ಮೇಲಾಗಿ 50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಡಿ ಸಿಗುವ ವಿಂಟೇಜ್ ನೋಂದಣಿಗೆ ಮೂಲರೂಪ ಉಳಿದಿರಬೇಕಾದ್ದರಿಂದ ಆ ಅವಕಾಶವೂ ಕೈತಪ್ಪಬಹುದು.