ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪಿನ ಹೊಳಪಿನ ಕೀಲಿ, ಫ್ಯಾನ್ ಮತ್ತು ಬ್ಯಾಟರಿ ಮಿತಿಯನ್ನು ಹೊಂದಿಸುವುದು ಹೇಗೆ?

ಈ ಸೌಲಭ್ಯಗಳು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ ಚಾಲಕಗಳಿಗೆ (ಯಂತ್ರಾಂಶವನ್ನು ನಡೆಸುವ ತಂತ್ರಾಂಶಗಳಿಗೆ) ಪೂರ್ತಿಯಾಗಿ ದಕ್ಕುವುದಿಲ್ಲ. ತಯಾರಕರು ಅವುಗಳನ್ನು ಫರ್ಮ್‌ವೇರಿನ (ಯಂತ್ರದೊಳಗೇ ಅಡಕವಾದ ಮೂಲ ತಂತ್ರಾಂಶದ) ಎಸಿಪಿಐ ಅಥವಾ ಡಬ್ಲ್ಯೂಎಂಐ ಎಂಬ ಸಂಪರ್ಕ ವಿಧಾನಗಳ ಹಿಂದೆ ಇರಿಸಿರುವುದರಿಂದ, ಆಯಾ ತಯಾರಕರ ಯಂತ್ರಗಳಿಗೆಂದೇ ಬರೆದ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿಗೆ ಸೇರಿಸುವ ಚಾಲಕ) ಬೇಕಾಗುತ್ತದೆ. ಥಿಂಕ್‌ಪ್ಯಾಡ್-ಎಸಿಪಿಐ, ಐಡಿಯಾಪ್ಯಾಡ್-ಲ್ಯಾಪ್‌ಟಾಪ್, ಏಸಸ್-ಡಬ್ಲ್ಯೂಎಂಐ, ಡೆಲ್-ಲ್ಯಾಪ್‌ಟಾಪ್ ಇಂಥವು. ಮೊದಲು ಎಲ್ಎಸ್‌ಮಾಡ್ ಆದೇಶದಿಂದ ಅದು ಲೋಡ್ ಆಗಿದೆಯೇ ಎಂದು ನೋಡಿ, ಬಳಿಕ ಮಾಡ್‌ಇನ್ಫೋ ಆದೇಶದಿಂದ ಅದು ಸ್ವೀಕರಿಸುವ ನಿಯತಾಂಕಗಳನ್ನು (ಹೊಂದಿಕೆಯ ಆಯ್ಕೆಗಳನ್ನು) ಓದಿಕೊಳ್ಳಿ.

ಥಿಂಕ್‌ಪ್ಯಾಡ್ ಚಾಲಕದಲ್ಲಿ ಫ್ಯಾನ್ ನಿಯಂತ್ರಣವು ಸುರಕ್ಷತೆಗಾಗಿ ಮುಚ್ಚಿರುತ್ತದೆ. ಮಾಡ್ಯೂಲ್‌ಗಳನ್ನು ಲೋಡ್ ಮಾಡುವ ಮಾಡ್‌ಪ್ರೋಬ್‌ನ ಸಂರಚನಾ ಕಡತದಲ್ಲಿ ಅದರ ಫ್ಯಾನ್-ಕಂಟ್ರೋಲ್ ನಿಯತಾಂಕಕ್ಕೆ 1 ಎಂದು ಕೊಟ್ಟರೆ ತೆರೆದುಕೊಳ್ಳುತ್ತದೆ. ಫ್ಯಾನನ್ನು ತಪ್ಪಾಗಿ ನಿಲ್ಲಿಸಿದರೆ ಯಂತ್ರ ಅತಿಯಾಗಿ ಕಾಯುವುದರಿಂದ, ನಿಜವಾದ ಅಗತ್ಯವಿಲ್ಲದೆ ಇದನ್ನು ಮುಟ್ಟಬಾರದೆಂಬುದು ನನ್ನ ದೃಢ ಸಲಹೆ.

ಬ್ಯಾಟರಿ ಮಿತಿ ಇದಕ್ಕಿಂತ ಸರಳ. ಚಾಲಕವು ಬೆಂಬಲಿಸಿದರೆ, ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಹೊಂದಿಕೆಗಳನ್ನು ಕಡತಗಳಾಗಿ ತೋರಿಸುವ ಜಾಗ) ಪವರ್-ಸಪ್ಲೈ ವಿಭಾಗದಲ್ಲಿ ಚಾರ್ಜ್ ಅಂತ್ಯಮಿತಿಯ ಕಡತವೊಂದು ಕಾಣುತ್ತದೆ. ಅದರಲ್ಲಿ 80 ಎಂದು ಬರೆದರೆ ಚಾರ್ಜ್ ಆಗುವುದು ಶೇ. 80ಕ್ಕೆ ನಿಲ್ಲುತ್ತದೆ. ಕೆಲವು ಮಾದರಿಗಳು ಮರುಪ್ರಾರಂಭದಲ್ಲಿ ಈ ಮೌಲ್ಯವನ್ನು ಮರೆಯುವುದರಿಂದ ಯುಡೆವ್ (ಸಾಧನಗಳನ್ನು ನಿರ್ವಹಿಸುವ ವ್ಯವಸ್ಥೆ) ನಿಯಮ ಅಥವಾ ಟಿಎಲ್‌ಪಿ ಎಂಬ ವಿದ್ಯುತ್ ಉಳಿತಾಯದ ತಂತ್ರಾಂಶದ ಮೂಲಕ ಅದನ್ನು ಮತ್ತೆ ಹಾಕಿಸಬೇಕು.

ಹೊಳಪು ಬದಲಾಗದಿದ್ದರೆ, ಬೂಟ್ ಸಾಲಿನಲ್ಲಿ (ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಎಸಿಪಿಐ-ಬ್ಯಾಕ್‌ಲೈಟ್ ಆಯ್ಕೆಗೆ ನೇಟಿವ್, ವೆಂಡರ್, ವಿಡಿಯೋ ಎಂಬ ಮೌಲ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ.